ಮಾತ್ರೆಗೆ ಹೊತ್ತು ಬರೆಯಿರಿ

ಪಾರ್ಕಿನ್ಸನ್ ಕಾಯಿಲೆಯ ಲೆವೊಡೋಪ ಮಾತ್ರೆಯ ಚೀಟಿಯಲ್ಲಿ ‘1-1-1’ ಎಂದಷ್ಟೇ ಇದ್ದರೆ ಸಾಲದು, ಎಷ್ಟು ಗಂಟೆಗೆ ಎಂದೂ ಇರಬೇಕು. ಅರಸೀಕೆರೆಯಲ್ಲಿ ಔಷಧಿ ಅಂಗಡಿ ನಡೆಸುವ ನಾನು ಈ ಮಾತನ್ನು ಹಟ ಹಿಡಿದು ಹೇಳುತ್ತೇನೆ. ನಮ್ಮ ಜನಕ್ಕೆ ಮಾತ್ರೆ ಎಂದರೆ ಊಟವಾಗಿ ಕೈ ತೊಳೆದ ಮೇಲೆ ನುಂಗುವಂಥದ್ದು. ಈ ಮಾತ್ರೆಗೆ ಆ ರೂಢಿ ಆಗಿಬರುವುದಿಲ್ಲ.

‘ಬೆಳಗಿನದು ಹಿಡಿಯುತ್ತೆ, ಮಧ್ಯಾಹ್ನದ್ದು ಹಿಡಿಯೋದೇ ಇಲ್ಲ. ನಮ್ಮ ಮಾವನಿಗೆ ಬಚ್ಚಲಿಗೆ ಹೋಗೋಕೂ ಆಗಲ್ಲ ಸರ್’ ಎಂದು ಒಬ್ಬ ಸೊಸೆ ಹೇಳಿದರು. ಏನು ತಿನ್ನುತ್ತಾರೆ ಎಂದು ಕೇಳಿದೆ. ಬೆಳಗಿನ ಮಾತ್ರೆ ತಿಂಡಿಗೆ ಬಹಳ ಮುಂಚೆ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು, ಬೇಯಿಸಿದ ಮೊಟ್ಟೆ, ಮೊಸರು, ಆಮೇಲೆ ಮಾತ್ರೆ. ಹಿಡಿಯುತ್ತಿಲ್ಲವೆಂದು ಅವರಿಗೆ ಮಾತ್ರೆಯ ಪ್ರಮಾಣವನ್ನು ಆಗಲೇ ಹೆಚ್ಚಿಸಲಾಗಿತ್ತು. ಪ್ರಮಾಣ ಮೀರಿದರೆ ಕೈಕಾಲು ತಾವಾಗಿಯೇ ತಿರುಚತೊಡಗುತ್ತವೆ. ಅಂಥ ಕಷ್ಟವನ್ನು ತರುವ ಮೊದಲು ಊಟದ ಹೊತ್ತನ್ನು ಕೇಳಬಾರದೇ?

ಈ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾಗಿರುತ್ತದೆ. ಅದನ್ನೇ ನೇರವಾಗಿ ಕೊಟ್ಟರೆ ರಕ್ತದಿಂದ ಮಿದುಳಿಗೆ ದಾಟದು. ಲೆವೊಡೋಪ ದಾಟುತ್ತದೆ, ಏಕೆಂದರೆ ಅದು ಸ್ವತಃ ಒಂದು ಅಮೈನೋ ಆಮ್ಲ. ಮಿದುಳಿನ ರಕ್ತನಾಳಗಳ ಗೋಡೆಯಲ್ಲಿರುವ ಎಲ್‌ಎಟಿ1 ಎಂಬ ಸಾಗಣೆ ಪ್ರೋಟೀನು ಅದನ್ನು ಒಳಕ್ಕೆ ಒಯ್ಯುತ್ತದೆ. ಕಾಳು, ಮೊಟ್ಟೆ, ಹಾಲಿನಿಂದ ಬರುವ ಲ್ಯೂಸಿನ್, ಫೆನೈಲ್‌ಅಲನಿನ್‌ಗಳೂ ಹೋಗಬೇಕಾದದ್ದು ಅದರಲ್ಲೇ. ಒಂದೇ ಬಾಗಿಲಿನ ಬಸ್ಸಿಗೆ ಸಂತೆಯ ದಿನ ಜನ ನುಗ್ಗಿದ ಹಾಗೆ. ಮಾತ್ರೆ ಹೊರಗೇ ಉಳಿಯುತ್ತದೆ.

ಇದು ಬರೀ ಊಹೆಯಲ್ಲ. 1984ರಲ್ಲಿ ಅಮೆರಿಕದ ಜಾನ್ ನಟ್ ಮತ್ತು ಸಂಗಡಿಗರು ಲೆವೊಡೋಪವನ್ನು ನೇರ ರಕ್ತನಾಳಕ್ಕೆ ಹರಿಸಿ, ಬಾಯಿಯ ಮೂಲಕ ಅಮೈನೋ ಆಮ್ಲ ಕೊಟ್ಟು ನೋಡಿದರು. ರಕ್ತದಲ್ಲಿ ಔಷಧಿ ಕಡಿಮೆಯಾಗಲಿಲ್ಲ, ಆದರೂ ರೋಗಿಗಳ ಮೈ ಮತ್ತೆ ಬಿಗಿಯಿತು. ಈ ದಾರಿಯಲ್ಲಿ ಹೋಗದ ಗ್ಲೈಸಿನ್, ಲೈಸಿನ್ ಕೊಟ್ಟಾಗ ಹಾಗಾಗಲಿಲ್ಲ. ನನ್ನ ಮಟ್ಟಿಗೆ ಇಷ್ಟು ಚೊಕ್ಕವಾದ ಪ್ರಯೋಗಗಳು ವೈದ್ಯಶಾಸ್ತ್ರದಲ್ಲಿ ಅಪರೂಪ.

ಇದೇ ದಾರಿಯನ್ನು ಕ್ಯಾನ್ಸರ್ ಚಿಕಿತ್ಸೆಯೂ ಹಿಡಿದಿದೆ. ಹಲವು ಬಗೆಯ ಗಡ್ಡೆಗಳು ಎಲ್‌ಎಟಿ1ನ್ನು ಹೇರಳವಾಗಿ ಬೆಳೆಸಿಕೊಳ್ಳುತ್ತವೆ. ಫೆನೈಲ್‌ಅಲನಿನ್‌ಗೆ ಬೋರಾನ್ ಜೋಡಿಸಿ ಗಡ್ಡೆಯೊಳಗೆ ಕಳಿಸಿ, ಅದರ ಮೇಲೆ ನ್ಯೂಟ್ರಾನ್ ಕಿರಣ ಹಾಯಿಸುವ ಚಿಕಿತ್ಸೆಗೆ ಜಪಾನ್ 2020ರಲ್ಲಿ ಅನುಮತಿ ಕೊಟ್ಟಿತು, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ. ಅಂಥದ್ದು ನಮ್ಮ ಊರಿಗೆ ಯಾವಾಗ ಬಂದೀತೋ! ಲೆವೊಡೋಪವಂತೂ ಈಗಲೇ ನನ್ನ ಕಪಾಟಿನಲ್ಲಿದೆ.

ಮಾತ್ರೆಗೆ ಅಡ್ಡ ಬರುತ್ತದೆಂದು ಬೇಳೆಕಾಳು ಬಿಡಿಸಬೇಡಿ. ಈ ರೋಗಿಗಳು ಮೊದಲೇ ಇಳಿದುಹೋಗಿರುತ್ತಾರೆ. ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ಕೊಡಿ. ವಾಕರಿಕೆ ಬಂದರೆ ಜೊತೆಗೊಂದು ಬಾಳೆಹಣ್ಣು ಸಾಕು. ಅಷ್ಟಕ್ಕೂ ಹಿಡಿಯದಿದ್ದರೆ ವೈದ್ಯರನ್ನು ಕೇಳಿ ಕಾಳು, ಮೊಟ್ಟೆಯನ್ನು ರಾತ್ರಿ ಊಟಕ್ಕೆ ಸರಿಸಿ. ಎಲ್ಲರಿಗೂ ಇದು ಬೇಕಾಗದು. ಕಾಯಿಲೆ ಹಳತಾಗಿ ಮಾತ್ರೆಯ ಬಲ ನಡುವೆಯೇ ಇಳಿಯುವವರಿಗೆ ಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಬೇರೆ ಹೊತ್ತಿಗೆ ಕೊಡಿ. ನಸುಗುನ್ನಿ ಪುಡಿಯಲ್ಲೂ ಲೆವೊಡೋಪವೇ ಇದೆ. ಮಾತ್ರೆಯ ಮೇಲೆ ಅದನ್ನೂ ಗುಟ್ಟಾಗಿ ತಿನ್ನಿಸಿದರೆ ಒಟ್ಟು ಎಷ್ಟು ಹೋಯಿತೆಂದು ವೈದ್ಯರಿಗೆ ಹೇಗೆ ಗೊತ್ತಾಗಬೇಕು?

ವೈದ್ಯರು ಚೀಟಿಯಲ್ಲಿ ಗಂಟೆ ಬರೆಯಲಿ. ಮಾತ್ರೆಯ ಪಟ್ಟಿಯ ಮೇಲೆ ‘ಊಟಕ್ಕೆ ಅರ್ಧ ಗಂಟೆ ಮೊದಲು’ ಎಂದು ಕನ್ನಡದಲ್ಲಿ ಅಂಟಿಸಿ ಕೊಡುವುದು ಕೌಂಟರಿನ ಈಚೆ ನಿಂತ ನಮ್ಮ ಕೆಲಸ.