ಮುಗಿಲಲ್ಲಿ ನಮ್ಮ ನಾಟಕ ಮೂಡಿದರೆ ಗುರುತು ಹಿಡಿಯೋರು ಎಷ್ಟು ಮಂದಿ?

ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್ ಅಂದ್ರೆ ನಮ್ಮ ಐಟಿ ಮಂದಿಗೆ ಚೆನ್ನಾಗಿ ಗೊತ್ತಿರೋ ಜಾಗ. ಗೂಗಲ್ಲಿನ ಯೂರೋಪ್ ಮುಖ್ಯ ಕಚೇರಿ ಇರೋದು ಇಲ್ಲೇ, ಬ್ಯಾರೋ ಸ್ಟ್ರೀಟಿನಲ್ಲಿ. ಆದ್ರೆ ಇದು ಬರೀ ಕಂಪನಿಗಳ ಕೇರಿ ಅಲ್ಲ, ನಾಟಕದ ಕೇರಿಯೂ ಹೌದು. ನೀರಿನ ದಂಡೆಯಲ್ಲೇ ಡೇನಿಯಲ್ ಲಿಬೆಸ್ಕಿಂಡ್ ವಿನ್ಯಾಸ ಮಾಡಿದ ಬೋರ್ಡ್ ಗಾಶ್ ಎನರ್ಜಿ ಥಿಯೇಟರ್ ಇದೆ. 2010ರಲ್ಲಿ ಶುರುವಾದ ಈ ರಂಗಮಂದಿರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಅಲ್ಲಿಂದ ಲಿಫಿ ನದಿಯ ಕಡೆ ನಡೆದರೆ ಸಿಗೋ ಸೇತುವೆಗಳ ಹೆಸರು ನೋಡಿ: ಒಂದು ಸ್ಯಾಮ್ಯುಯೆಲ್ ಬೆಕೆಟ್ ಸೇತುವೆ, ಇನ್ನೊಂದು ಶಾನ್ ಓಕೇಸಿ ಸೇತುವೆ. ಇಬ್ಬರೂ ನಾಟಕಕಾರರು! ಊರಿನವರು ದಿನಾ ಆಫೀಸಿಗೆ ಹೋಗೋದು ನಾಟಕಕಾರರ ಹೆಸರಿನ ಮೇಲೆ ಕಾಲಿಟ್ಟೇ.

2021ರ ಸಂತ ಪ್ಯಾಟ್ರಿಕ್ ಹಬ್ಬಕ್ಕೆ ಇದೇ ಬೆಕೆಟ್ ಸೇತುವೆಯ ಬಳಿ 500 ಡ್ರೋನ್‌ಗಳನ್ನು ಹಾರಿಸಿ ಬೆಳಕಿನ ಆಟ ಮಾಡಿದ್ರು. ಕೋವಿಡ್ ಕಾಲ, ಜನ ಸೇರೋ ಹಾಗಿರಲಿಲ್ಲ, ಅದಕ್ಕೆ ಚಿತ್ರೀಕರಿಸಿ ಜಗತ್ತಿಗೆ ತೋರಿಸಿದ್ರು. ಸೇತುವೆ ಇರೋದೇ ಐರ್‌ಲ್ಯಾಂಡಿನ ಲಾಂಛನವಾದ ಹಾರ್ಪ್ ವಾದ್ಯದ ಆಕಾರದಲ್ಲಿ. ಆ ಹಾರ್ಪ್‌ಗೆ ಮುಗಿಲಲ್ಲಿ ಜೀವ ತುಂಬಿದ್ರು.

ಇದನ್ನೆಲ್ಲಾ ಯಾಕೆ ಹೇಳ್ತಿದೀವಿ ಅಂದ್ರೆ, ನಮ್ಮ ಗೆಳೆಯರ ನಡುವೆ ಈಗ ಒಂದು ಮಾತು ಓಡಾಡ್ತಿದೆ. ಒಂದು ಕನ್ನಡ ನಾಟಕಕ್ಕೆ ಇಂಥದೇ ಡ್ರೋನ್ ಬೆಳಕಿನ ಗೌರವ ಯಾಕೆ ಸಲ್ಲಿಸಬಾರದು ಅಂತ. ಕನಸು ಚೆನ್ನಾಗಿದೆ ಗುರು! ಆದ್ರೆ ಆ ಕನಸಿಗೆ ಬೇಕಾದ ತಯಾರಿ ನಮ್ಮಲ್ಲಿದೆಯಾ?

ಡ್ರೋನ್ ಆಟದ ಗುಟ್ಟು

ಈ ಆಟದಲ್ಲಿ ಒಂದೊಂದು ಡ್ರೋನೂ ಒಂದೊಂದು ಚುಕ್ಕಿ. ನಮ್ಮ ಮನೆ ಮುಂದಿನ ಚುಕ್ಕಿ ರಂಗೋಲಿ ಇದ್ದ ಹಾಗೆ. ಪ್ರತಿ ಡ್ರೋನ್ ಯಾವ ಗಳಿಗೆಯಲ್ಲಿ ಎಲ್ಲಿರಬೇಕು, ಯಾವ ಬಣ್ಣ ತೋರಬೇಕು ಅನ್ನೋದನ್ನ ಮೊದಲೇ ಕಂಪ್ಯೂಟರಿನಲ್ಲಿ ಬರೆದಿಟ್ಟಿರ್ತಾರೆ. ಉಪಗ್ರಹದ ಸಂಕೇತಕ್ಕೆ ನೆಲದ ಮೇಲಿನ ಒಂದು ಕೇಂದ್ರದಿಂದ ತಿದ್ದುಪಡಿ ಕಳಿಸಿ, ಕೆಲವೇ ಸೆಂಟಿಮೀಟರ್ ಆಚೀಚೆಯಾಗದಂತೆ ನಿಲ್ಲಿಸ್ತಾರೆ. ಬ್ಯಾಟರಿ ತಾಳೋ ಹೊತ್ತು ಕಮ್ಮಿ, ಹಾಗಾಗಿ ಇಡೀ ಆಟ ಮುಗಿಯೋದು ಹತ್ತು ಹದಿನೈದು ನಿಮಿಷದಲ್ಲಿ. ಜೋರು ಗಾಳಿ, ಮಳೆ ಬಂದ್ರೆ ಆಟವೇ ಇಲ್ಲ. ವಿಮಾನಯಾನ ಇಲಾಖೆಯ ಒಪ್ಪಿಗೆ ಬೇಕು, ಜನರ ತಲೆಯ ಮೇಲೆ ಹಾರಿಸೋ ಹಾಗಿಲ್ಲ. ಡಾಕ್‌ನಂಥ ಅಗಲವಾದ ನೀರಿನ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು: ಡ್ರೋನ್ ಬಿದ್ದರೂ ನೀರಿಗೆ, ಚಿತ್ರವೂ ಎರಡು ಪಟ್ಟು, ಮೇಲೊಂದು ಕೆಳಗೊಂದು.

ಇದಕ್ಕೆಲ್ಲಾ ತಂತ್ರಜ್ಞರು ಸಿಗ್ತಾರೆ. ದುಡ್ಡು ಕೊಟ್ಟರೆ ಕಂಪನಿಗಳೂ ಸಿಗ್ತವೆ. ದುಡ್ಡಿಗೆ ಸಿಗದೇ ಇರೋದು ಒಂದಿದೆ, ಅದು ನೋಡುಗನ ನೆನಪು. ಮುಗಿಲಲ್ಲಿ ಒಂದು ಚಿತ್ರ ನಿಲ್ಲೋದು ಕೆಲವೇ ಸೆಕೆಂಡು. ಅಷ್ಟರಲ್ಲಿ ನೋಡುಗ "ಓ, ಇದು ಅದೇ!" ಅನ್ನಬೇಕು. ಅನ್ನಲಿಲ್ಲವಾ, ಅದು ಗೌರವ ಅಲ್ಲ, ಬರೀ ಬಣ್ಣದ ದೀಪ.

ಏಳು ನಿಮಿಷದ ಕುಣಿತದಿಂದ ಮೂವತ್ತು ವರ್ಷ

ನಾಳೆ ಈ ಡಾಕ್‌ನ ಮೇಲೆ ಸಾಲಾಗಿ ನಿಂತ ಕುಣಿತಗಾರರು, ಕೈ ನೆಟ್ಟಗೆ, ಕಾಲು ಮಾತ್ರ ಮಿಂಚಿನ ಹಾಗೆ ಆಡ್ತಿರೋ ಚಿತ್ರ ಬಂತು ಅಂದ್ಕೊಳ್ಳಿ. ಡಬ್ಲಿನ್ನಿನ ಐದು ವರ್ಷದ ಮಗುವೂ "ರಿವರ್‌ಡ್ಯಾನ್ಸ್!" ಅನ್ನುತ್ತೆ. ಈ ಗುರುತು ಹುಟ್ಟಿದ್ದು ಹೇಗೆ? 1994ರ ಏಪ್ರಿಲ್ 30ರಂದು, ಡಾಕ್‌ನಿಂದ ನದಿ ದಾಟಿದರೆ ಸಿಗೋ ಪಾಯಿಂಟ್ ಥಿಯೇಟರಿನಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ನಡೀತು. ನಡುವಿನ ಬಿಡುವು ತುಂಬಿಸೋಕೆ ಅಂತ ಸುಮಾರು ಏಳು ನಿಮಿಷದ ಒಂದು ಕುಣಿತ ಇಟ್ಟಿದ್ರು. ಬಿಲ್ ವೀಲನ್ ಅವರ ಸಂಗೀತ. ಮರುವರ್ಷ, 1995ರ ಫೆಬ್ರವರಿಯಲ್ಲಿ, ಮೋಯಾ ಡೊಹರ್ಟಿ ಮತ್ತು ಜಾನ್ ಮೆಕ್‌ಕೋಲ್ಗನ್ ಅದನ್ನು ಪೂರ್ಣ ಪ್ರಮಾಣದ ಪ್ರದರ್ಶನವಾಗಿ ಬೆಳೆಸಿ ಅದೇ ರಂಗದ ಮೇಲೆ ತಂದ್ರು. ಚೆನ್ನಾಗಿ ಚಿತ್ರೀಕರಿಸಿ ಮಾರಿದ್ರು, ದೇಶ ದೇಶ ಸುತ್ತಿದ್ರು, ಹೊಸ ತಲೆಮಾರಿನ ಕುಣಿತಗಾರರನ್ನ ತಯಾರು ಮಾಡಿದ್ರು. 2025ರಲ್ಲಿ ಮೂವತ್ತು ವರ್ಷ ತುಂಬಿದಾಗ, ಅದು ಶುರುವಾದಾಗ ಹುಟ್ಟೇ ಇರದಿದ್ದ ಮಕ್ಕಳು ಅದರಲ್ಲಿ ಕುಣೀತಿದ್ರು!

ನಮ್ಮ ಬುತ್ತಿಯಲ್ಲಿ ಏನಿದೆ?

ನಮ್ಮಲ್ಲಿ ಸರಕಿಗೆ ಬರವೇ? 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ರಂಗದ ಮೇಲೆ ಆನೆ ಕುದುರೆ ತಂದು ನಾಡನ್ನೇ ಬೆರಗುಗೊಳಿಸಿತ್ತು. ಬಿ.ವಿ. ಕಾರಂತರು, ಡಾ. ರಾಜ್‌ಕುಮಾರ್ ಇಬ್ಬರೂ ಆ ಕಂಪನಿಯ ನೆರಳಲ್ಲಿ ಬೆಳೆದವರೇ. ಗಿರೀಶ ಕಾರ್ನಾಡರ ಹಯವದನ ತಗೊಳ್ಳಿ. ಕುದುರೆ ಮುಖದ ಮನುಷ್ಯ, ಅದಲು ಬದಲಾಗೋ ಎರಡು ತಲೆಗಳು. ಮುಗಿಲಲ್ಲಿ ಎರಡು ತಲೆ ಜಾಗ ಬದಲಿಸೋದನ್ನ ಡ್ರೋನ್‌ಗಿಂತ ಚೆನ್ನಾಗಿ ತೋರಿಸೋರು ಯಾರು?

ನಮ್ಮ ಆಯ್ಕೆ ಕೇಳಿದ್ರೆ, ಮಲೆಗಳಲ್ಲಿ ಮದುಮಗಳು. ಕುವೆಂಪು ಅವರ 1967ರ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿಯವರು ರಂಗಕ್ಕೆ ಅಳವಡಿಸಿದ್ರು, ಹಂಸಲೇಖ ಅವರು ಸಂಗೀತ ಕೊಟ್ರು, ಸಿ. ಬಸವಲಿಂಗಯ್ಯನವರು ಆಡಿಸಿದ್ರು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ. ಸುಮಾರು ಒಂಬತ್ತು ಗಂಟೆಯ ನಾಟಕ, ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ಹೋಗ್ತಾ ಬೆಳಗಿನವರೆಗೂ ಜನ ಬಯಲಲ್ಲಿ ಕೂತು ನೋಡಿದ್ರು. ಅದರಲ್ಲಿನ ಗುತ್ತಿ ಮತ್ತವನ ನಾಯಿ ಹುಲಿಯ ಮಲೆನಾಡಿನ ಕಾಡುದಾರಿಯಲ್ಲಿ ನಡೆದು ಬರೋ ಚಿತ್ರ ಗ್ರ್ಯಾಂಡ್ ಕೆನಾಲ್ ಡಾಕ್‌ನ ನೀರಿನ ಮೇಲೆ ಮೂಡಿದರೆ ಹೇಗಿರುತ್ತೆ!

ಆದ್ರೆ ಗೆಳೆಯರೇ, ಎದೆ ಮುಟ್ಟಿಕೊಂಡು ಹೇಳಿ. ಅಲ್ಲಿ ನೆರೆದ ಕನ್ನಡಿಗರಲ್ಲಿ ಎಷ್ಟು ಮಂದಿ "ಅದು ಗುತ್ತಿ, ಅದು ಹುಲಿಯ" ಅಂತಾರೆ? ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ? ಯಕ್ಷಗಾನದ ಕಿರೀಟ ಕಂಡರೆ ಎಲ್ಲರೂ ಗುರುತು ಹಿಡೀತಾರೆ, ಸರಿ. ಆದ್ರೆ ಅದು ಒಂದು ಕಲೆಯ ಗುರುತು, ಒಂದು ನಾಟಕದ ಗುರುತಲ್ಲ. ಇಲ್ಲಿ ಕೊರತೆ ನಾಟಕದ್ದಲ್ಲ, ಅದನ್ನ ಮಂದಿಯ ಕಣ್ಣಿಗೆ ಮತ್ತೆ ಮತ್ತೆ ಮುಟ್ಟಿಸೋ ಏರ್ಪಾಟಿನದು.

ಹಾಗಾದ್ರೆ ಕನಸು ಕೈಬಿಡೋದಾ?

ಬೇಡವೇ ಬೇಡ! "ಹತ್ತು ನಿಮಿಷದ ದೀಪಕ್ಕೆ ಅಷ್ಟು ದುಡ್ಡು ಯಾಕೆ, ಅದೇ ದುಡ್ಡಲ್ಲಿ ಒಂದು ತಂಡವನ್ನೇ ಊರಿಂದ ಕರೆಸಬಹುದಲ್ಲ" ಅನ್ನೋರ ಮಾತಲ್ಲಿ ನಿಜ ಇದೆ. ಅದಕ್ಕೇ ಕೆಲಸದ ಸಾಲು ಸರಿಯಾಗಿರಬೇಕು ಅಂತೀವಿ.

ಮೊದಲು, ಒಂದೇ ಒಂದು ನಾಟಕ ಆರಿಸಿಕೊಳ್ಳೋಣ. ನಿರ್ದೇಶಕರು, ಬರೆದವರು ಅಥವಾ ಅವರ ಮನೆಯವರು, ಸಂಗೀತಗಾರರು, ನಟರು, ಎಲ್ಲರ ಒಪ್ಪಿಗೆ ಪಡೆದು, ಅವರಿಗೆ ಸಲ್ಲಬೇಕಾದ ದುಡ್ಡು ಕೊಟ್ಟು, ಒಳ್ಳೆ ಕ್ಯಾಮೆರಾಗಳಲ್ಲಿ ಚಿತ್ರೀಕರಿಸೋಣ. ಕನ್ನಡ, ಇಂಗ್ಲಿಶ್ ಎರಡರಲ್ಲೂ ಅಡಿಬರಹ ಹಾಕಿ ಹೊರದೇಶದ ಸಂಘಗಳಿಗೆಲ್ಲಾ ತಲುಪಿಸೋಣ. ಕನ್ನಡ ಕಲಿ ತರಗತಿಗಳಲ್ಲಿ ಅದೇ ನಾಟಕದ ಒಂದು ದೃಶ್ಯವನ್ನ ಮಕ್ಕಳ ಕೈಲಿ ಆಡಿಸೋಣ.

ಎರಡನೆಯದು, ಡ್ರೋನ್ ಆಟವನ್ನ ಒಂದೂ ಡ್ರೋನ್ ಇಲ್ಲದೆ ಕಟ್ಟೋಣ. ಬ್ಲೆಂಡರ್ ಅನ್ನೋ ಬಿಟ್ಟಿ ತಂತ್ರಾಂಶ, ಅದರ ಜೊತೆ ಸ್ಕೈಬ್ರಷ್ ಅನ್ನೋ ಸಲಕರಣೆ ಇದ್ರೆ ಇಡೀ ಆಟವನ್ನ ಪರದೆಯ ಮೇಲೆ ನೋಡಬಹುದು. ಡಾಕ್‌ನ ಸುತ್ತಲಿನ ಕಂಪನಿಗಳಲ್ಲಿ ಕೋಡ್ ಬರೆಯೋ ಕನ್ನಡಿಗರಿಗೆ ಇದು ನಾಲ್ಕಾರು ವಾರಾಂತ್ಯದ ಕೆಲಸ. ಯುಗಾದಿ ಕಾರ್ಯಕ್ರಮದಲ್ಲಿ ಅದನ್ನ ತೋರಿಸಿ, ಹೆಸರು ಹೇಳದೆ ಕೇಳೋಣ: ಇದು ಯಾವ ನಾಟಕ? ಅರ್ಧ ಸಭೆ ಕೈ ಎತ್ತಿದ ದಿನ ಡ್ರೋನ್‌ಗೆ ದುಡ್ಡು ಕೂಡಿಸೋಕೆ ಶುರು ಮಾಡೋಣ.

ಮೂರನೆಯದು, ಡಬ್ಲಿನ್ ಮುಗಿಲಿಗಿಂತ ಮುಂಚೆ ಮೈಸೂರಿನ ಮುಗಿಲು. 2024ರ ದಸರೆಗೆ ಬನ್ನಿಮಂಟಪದ ಮೈದಾನದಲ್ಲಿ 1,500 ಡ್ರೋನ್‌ಗಳು ಹಾರಿದವು, 2025ರಲ್ಲಿ ಸುಮಾರು 3,000. ಅವೆಲ್ಲಾ ಸೇರಿ ಬಿಡಿಸಿದ ಹುಲಿಯ ಚಿತ್ರ ಗಿನ್ನೆಸ್ ದಾಖಲೆಗೂ ಸೇರಿತು. ಮದುಮಗಳು ಹುಟ್ಟಿದ ರಂಗಾಯಣ ಇರೋದು ಅದೇ ಊರಲ್ಲಿ! ಮುಂದಿನ ದಸರೆಯ ಡ್ರೋನ್ ಆಟದಲ್ಲಿ ಐದು ನಿಮಿಷ ಕನ್ನಡ ರಂಗಭೂಮಿಗೆ ಮೀಸಲಿಡಿ ಅಂತ ದಸರಾ ಸಮಿತಿಗೆ, ಆಟ ನಡೆಸೋ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ನಾವೆಲ್ಲಾ ಬರೆಯೋಣ. ಬರೀ ಬೇಡಿಕೆ ಕಳಿಸೋದು ಬೇಡ, ಪರದೆಯ ಮೇಲೆ ಕಟ್ಟಿದ ಆಟವನ್ನೂ ಜೊತೆಗೆ ಕಳಿಸೋಣ. ಹುಲಿ ಬಂದ ಮುಗಿಲಿಗೆ ಗುತ್ತಿಯ ಹುಲಿಯನೂ ಬರಲಿ.

ಐರಿಶ್ ಜನಸಂಖ್ಯೆ ನಮ್ಮ ಬೆಂಗಳೂರಿಗಿಂತ ಕಮ್ಮಿ. ಅವರು ಏಳು ನಿಮಿಷದ ಕುಣಿತವನ್ನ ಜಗತ್ತಿನ ನೆನಪಲ್ಲಿ ನಿಲ್ಲಿಸಿದ್ರು. ನಮ್ಮ ಹತ್ತಿರ ಒಂಬತ್ತು ಗಂಟೆಯ ನಾಟಕ ಇದೆ. ಚಿತ್ರೀಕರಣದ ಕೆಲಸಕ್ಕೆ ಯಾರು, ಬ್ಲೆಂಡರ್ ಕೆಲಸಕ್ಕೆ ಯಾರು, ಮೈಸೂರಿಗೆ ಪತ್ರ ಬರೆಯೋಕೆ ಯಾರು? ಈ ಮಿಂಚೆಗೆ ಮರುಬರಹ ಬರೆದು ನಿಮ್ಮ ಹೆಸರು ಕೊಡಿ ಗುರು!