ಪಾಠ ಹೇಳುವುದೊಂದೇ ದಾರಿಯಲ್ಲ

ವಿದ್ಯೆಯನ್ನು ಮಾರಬಾರದೆಂಬ ಭಾವನೆ ಈ ದೇಶದಲ್ಲಿ ಬಹು ಹಳೆಯದು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ನಾಟ್ಯಾಚಾರ್ಯ ಗಣದಾಸನು ವಿದ್ಯೆಯನ್ನು ಕೇವಲ ಜೀವನೋಪಾಯವಾಗಿ ಮಾಡಿಕೊಂಡವರನ್ನು ವರ್ತಕರ ಸಾಲಿಗೆ ಸೇರಿಸಿ ಹಳಿಯುತ್ತಾನೆ. ಹಾಗೆ ಹಳಿದ ಆಚಾರ್ಯನೂ ಅರಮನೆಯ ಸಂಬಳವನ್ನು ಉಣ್ಣುತ್ತಿದ್ದವನೇ ಎಂಬುದು ಬೇರೆ ಮಾತು. ಆತನ ಆಕ್ಷೇಪವೆಲ್ಲ ‘ಕೇವಲ’ ಎಂಬುದರ ಮೇಲೆ. ಬಲ್ಲವನು ತನ್ನ ಶ್ರಮಕ್ಕೆ ತಕ್ಕ ಪ್ರತಿಫಲ ಪಡೆಯಕೂಡದೆಂದು ಆತನೂ ಹೇಳಲಿಲ್ಲ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಮನೆಮನೆಗಳಲ್ಲಿ ಇಂದು ಅಂಥ ಬಲ್ಲವರಿದ್ದಾರೆ. ಮೂವತ್ತು ವರ್ಷ ಲೆಕ್ಕಪತ್ರಗಳನ್ನು ತಿದ್ದಿ ನಿವೃತ್ತರಾದವರು, ಮಕ್ಕಳ ಪಾಲನೆಗಾಗಿ ಇಂಜಿನಿಯರ್ ಹುದ್ದೆಯನ್ನು ತೊರೆದ ಗೃಹಿಣಿಯರು, ಎರಡು ಮೂರು ಭಾಷೆಗಳಲ್ಲಿ ಪಳಗಿದ ಅಧ್ಯಾಪಕರು, ಕಸೂತಿಯಲ್ಲಿ ಎತ್ತಿದ ಕೈಯೆನಿಸಿದವರು. ಅಂತರ್ಜಾಲದ ಮೂಲಕ ಮನೆಯಲ್ಲಿಯೇ ಕುಳಿತು ನಾಲ್ಕು ಕಾಸು ಸಂಪಾದಿಸುವ ಮಾತೆತ್ತಿದೊಡನೆ ಇವರಿಗೆಲ್ಲ ದೊರೆಯುವ ಸಲಹೆ ಒಂದೇ: “ಒಂದು ಕೋರ್ಸು ಮಾಡಿಬಿಡಿ!” ಸಲಹೆಯನ್ನು ನಂಬಿದವರು ಕ್ಯಾಮೆರಾ ಕೊಳ್ಳುತ್ತಾರೆ, ದೀಪ ಹೊಂದಿಸುತ್ತಾರೆ, ಆರು ತಿಂಗಳು ಶ್ರಮಿಸಿ ಇಪ್ಪತ್ತು ಪಾಠಗಳನ್ನು ಚಿತ್ರಿಸುತ್ತಾರೆ. ಕೊಳ್ಳಲು ಹತ್ತು ಮಂದಿಯೂ ಬಾರದಿದ್ದಾಗ, “ನನ್ನ ವಿದ್ಯೆಗೆ ಈ ಕಾಲದಲ್ಲಿ ಬೆಲೆಯಿಲ್ಲ” ಎಂದು ನಿಟ್ಟುಸಿರಿಟ್ಟು ಎಲ್ಲವನ್ನೂ ಮಡಿಸಿಡುತ್ತಾರೆ. ವ್ಯರ್ಥವಾದ ಹಣಕ್ಕಿಂತ ಈ ತೀರ್ಮಾನವೇ ಹೆಚ್ಚಿನ ನಷ್ಟ. ಒಂದು ಆಯುಷ್ಯದ ಅನುಭವ ಅಲ್ಲಿಗೆ ಮೂಲೆ ಸೇರುತ್ತದೆ. ತಪ್ಪಿದ್ದುದು ವಿದ್ಯೆಯಲ್ಲಿ ಅಲ್ಲ, ಅದನ್ನು ಮುಂದಿಟ್ಟ ರೂಪದಲ್ಲಿ.

ಬಾವಿಯೋ ನೀರೋ?

ಪಾಠವನ್ನು ಕೊಳ್ಳುವವನು ತಾನೂ ಆ ವಿದ್ಯೆಯನ್ನು ಸಾಧಿಸಬೇಕೆಂದು ಬಯಸಿದವನು. ಅಂಥವರ ಸಂಖ್ಯೆ ಎಂದಿಗೂ ಅಲ್ಪವೇ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಎಂ.ಐ.ಟಿ. ಸಂಸ್ಥೆಗಳು ಅಂತರ್ಜಾಲದಲ್ಲಿ ತೆರೆದಿಟ್ಟ ಪಾಠಗಳ ಕಥೆಯನ್ನೇ ನೋಡಬಹುದು. ಪಾಠಗಳು ಜಗತ್ಪ್ರಸಿದ್ಧ ಪ್ರಾಧ್ಯಾಪಕರವು, ಸೇರಲು ಶುಲ್ಕವಿರಲಿಲ್ಲ. ಆದರೂ 2017-18ನೆಯ ಸಾಲಿನಲ್ಲಿ ಅವುಗಳನ್ನು ಕಡೆಯವರೆಗೆ ಮುಗಿಸಿದವರು, ಸೇರಿದ ಪ್ರತಿ ನೂರು ಮಂದಿಯಲ್ಲಿ ಸುಮಾರು ಮೂವರು ಮಾತ್ರ.

ಇದರಲ್ಲಿ ಆಶ್ಚರ್ಯವೇನಿಲ್ಲ. ಬಾಯಾರಿದವನಿಗೆ ಬೇಕಾದುದು ನೀರು. ಬಾವಿ ತೋಡುವ ವಿದ್ಯೆಯಲ್ಲ. ತೆರಿಗೆಯ ನೋಟೀಸು ಕೈಗೆ ಬಂದವನಿಗೆ ಲೆಕ್ಕಶಾಸ್ತ್ರವನ್ನು ಕಲಿಯುವ ಹಂಬಲವಿಲ್ಲ. ನೋಟೀಸಿಗೆ ಉತ್ತರ ಬೇಕು. ಮನೆ ಕಟ್ಟಿಸುವವನಿಗೆ ಸ್ಥಾಪತ್ಯಶಾಸ್ತ್ರದ ಇಪ್ಪತ್ತು ಉಪನ್ಯಾಸಗಳು ಬೇಡ. ಗುತ್ತಿಗೆದಾರನ ಅಂದಾಜುಪಟ್ಟಿಯಲ್ಲಿ ಎಲ್ಲಿ ಮೋಸವಿದೆಯೆಂದು ಬೆರಳಿಟ್ಟು ತೋರಿಸುವವರು ಬೇಕು. ಹೀಗೆ ನೀರು ಕೇಳುವವರು ನೂರು ಮಂದಿಯಾದರೆ ಬಾವಿ ಕೇಳುವವನು ಒಬ್ಬ. ಪರಿಣತನಾದವನು ಮೊದಲು ಅರಿಯಬೇಕಾದುದು ಈ ವ್ಯತ್ಯಾಸವನ್ನು.

ಮಾಡಿಟ್ಟ ವಸ್ತು

ನೀರನ್ನು ಒದಗಿಸುವ ಬಗೆಗಳು ಹಲವು. ಅವುಗಳಲ್ಲಿ ಒಂದು, ವಿದ್ಯೆಯನ್ನು ಸಿದ್ಧವಸ್ತುವಿನ ರೂಪಕ್ಕೆ ತಂದು ಮಾರುವುದು. ನ್ಯೂಯಾರ್ಕ್ ನಗರದ ಶಾಲಾಶಿಕ್ಷಕರಾಗಿದ್ದ ಪಾಲ್ ಎಡೆಲ್‌ಮನ್ 2006ರಲ್ಲಿ ‘ಟೀಚರ್ಸ್ ಪೇ ಟೀಚರ್ಸ್’ ಎಂಬ ಅಂತರ್ಜಾಲದ ಪೇಟೆಯೊಂದನ್ನು ತೆರೆದರು. ಶಿಕ್ಷಕರು ತಮ್ಮ ತರಗತಿಗಾಗಿ ರಚಿಸಿಕೊಂಡ ಅಭ್ಯಾಸಪತ್ರಗಳು, ಪಾಠಯೋಜನೆಗಳು, ಅಕ್ಷರದಾಟಗಳು ಅಲ್ಲಿಯ ಸರಕು, ಕೊಳ್ಳುವವರೂ ಶಿಕ್ಷಕರೇ. ಜಾರ್ಜಿಯ ರಾಜ್ಯದ ಶಿಶುವಿಹಾರದ ಶಿಕ್ಷಕಿ ಡಿಯಾನಾ ಜಂಪ್ ಎಂಬಾಕೆ ತನ್ನ ಮಕ್ಕಳಿಗಾಗಿ ಸಿದ್ಧಪಡಿಸಿದ್ದ ಪಾಠಸಾಮಗ್ರಿಯನ್ನು ಅಲ್ಲಿಟ್ಟು ಮಾರತೊಡಗಿದರು. 2012ರ ವೇಳೆಗೆ ಆಕೆಯ ಗಳಿಕೆ ಹತ್ತು ಲಕ್ಷ ಡಾಲರುಗಳನ್ನು ದಾಟಿ, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಅಂಥ ಅದೃಷ್ಟ ಎಲ್ಲರ ಪಾಲಿಗೂ ಒಲಿಯುವುದಲ್ಲ. ಅಲ್ಲಿ ಅಂಗಡಿಯಿಟ್ಟ ಎಷ್ಟೋ ಶಿಕ್ಷಕರಿಗೆ ದೊರೆತದ್ದು ಕೈಖರ್ಚಿನ ಹಣ ಮಾತ್ರ. ಆದರೆ ಗಮನಿಸಬೇಕಾದ ಅಂಶ ಬೇರೆಯೇ ಇದೆ. ಡಿಯಾನಾ ಜಂಪ್ ‘ಉತ್ತಮ ಶಿಕ್ಷಕಿಯಾಗುವ ಬಗೆ’ಯನ್ನು ಮಾರಲಿಲ್ಲ. ನಾಳೆ ಬೆಳಿಗ್ಗೆ ಮೂವತ್ತು ಮಕ್ಕಳ ಮುಂದೆ ನಿಲ್ಲಬೇಕಾದ ಇನ್ನೊಬ್ಬ ಶಿಕ್ಷಕಿಯ ಭಾನುವಾರದ ಸಂಜೆಯನ್ನು ಆಕೆಗೆ ಉಳಿಸಿಕೊಟ್ಟರು. ಕೊಂಡವರು ಬೆಲೆ ತೆತ್ತದ್ದು ಆ ಸಂಜೆಗೆ.

ಹೆಣಿಗೆಯ ಲೋಕದಲ್ಲಿಯೂ ಇದೇ ನ್ಯಾಯ. 2007ರಲ್ಲಿ ಅಮೆರಿಕದ ದಂಪತಿಗಳು ಆರಂಭಿಸಿದ ‘ರ‍್ಯಾವೆಲ್ರಿ’ ತಾಣದಲ್ಲಿ ಹೆಣಿಗೆಯ ವಿನ್ಯಾಸಗಳು ಮಾರಾಟವಾಗುತ್ತವೆ. ಹದಿನೈದು ದಿನ ಕುಳಿತು ಹೆಣೆದ ಸ್ವೆಟರನ್ನು ಒಮ್ಮೆ ಮಾತ್ರ ಮಾರಬಹುದು; ಅದೇ ಸ್ವೆಟರಿನ ಕುಣಿಕೆಗಳ ಲೆಕ್ಕವನ್ನು ಅಚ್ಚುಕಟ್ಟಾಗಿ ಬರೆದಿಟ್ಟರೆ ಸಾವಿರ ಸಲ ಮಾರಬಹುದು. ರಂಗೋಲಿ, ಕಸೂತಿಗಳ ವಿನ್ಯಾಸವಿರಲಿ, ಸಣ್ಣ ಅಂಗಡಿಗಾಗಿ ರೂಪಿಸಿದ ಲೆಕ್ಕದ ತಖ್ತೆಯಿರಲಿ, ಎಲ್ಲವೂ ಈ ಜಾತಿಗೇ ಸೇರಿದುವು. ದುಡಿಮೆ ಒಂದು ಸಲ, ಫಲ ಹಲವು ಸಲ. ಆದರೆ ಫಲ ನಿಧಾನ. ಮೊದಲ ವರ್ಷ ಮರ ನೆಟ್ಟವನ ತಾಳ್ಮೆ ಬೇಕು.

ಗಂಟೆಯ ಲೆಕ್ಕ

ತಾಳ್ಮೆಗೆ ಅವಕಾಶವಿಲ್ಲದವರಿಗೆ ಸಲಹೆಯ ಮಾರ್ಗವುಂಟು. ವಿಡಿಯೋ ಕರೆಯ ಮೂಲಕ ಅರ್ಧ ಗಂಟೆ ಮಾತನಾಡಿ, ಒಬ್ಬರ ನಿರ್ದಿಷ್ಟ ತೊಡಕನ್ನು ಬಿಡಿಸಿ, ಶುಲ್ಕ ಪಡೆಯುವ ಬಗೆ ಇದು. ವಕೀಲರಿಗೂ ವೈದ್ಯರಿಗೂ ಹಳೆಯದಾದ ಈ ಪದ್ಧತಿ ಈಗ ಎಲ್ಲ ಬಗೆಯ ಅನುಭವಿಗಳಿಗೂ ಹರಡಿದೆ. ನ್ಯೂಯಾರ್ಕಿನಲ್ಲಿ 1998ರಲ್ಲಿ ಸ್ಥಾಪಿತವಾದ ಜಿ.ಎಲ್.ಜಿ. ಎಂಬ ಸಂಸ್ಥೆಯ ವ್ಯವಹಾರವೆಲ್ಲ ಇದೇ ತತ್ತ್ವದ ಮೇಲೆ ನಿಂತಿದೆ. ಒಂದು ಉದ್ಯಮದ ಒಳಹೊರಗನ್ನು ಬಲ್ಲವರನ್ನು, ಅದನ್ನು ತಿಳಿಯಬಯಸುವ ಹೂಡಿಕೆದಾರರೊಡನೆ ದೂರವಾಣಿಯಲ್ಲಿ ಕೂಡಿಸಿ, ಬಲ್ಲವರಿಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಿಸುವುದು ಅದರ ಕೆಲಸ.

ಇಲ್ಲಿ ಒಂದು ಲಕ್ಷ್ಮಣರೇಖೆಯೂ ಇದೆ. ಅನುಭವ ನೌಕರನ ಸೊತ್ತು; ರಹಸ್ಯ ಮಾಲಿಕನ ಸೊತ್ತು. ಬಟ್ಟೆಯ ಗಿರಣಿಗಳು ಸಾಮಾನ್ಯವಾಗಿ ನಡೆಯುವ ರೀತಿಯನ್ನು ವಿವರಿಸುವುದು ಸಲಹೆ. ತಾನು ದುಡಿದ ಗಿರಣಿಯ ಮುಂದಿನ ತಿಂಗಳ ಲಾಭವನ್ನು ಮುಂಚಿತವಾಗಿ ಪಿಸುಗುಟ್ಟುವುದು ಅಪರಾಧ. ಇಂಥ ಮಧ್ಯಸ್ಥಿಕೆಯಲ್ಲಿ ತೊಡಗಿದ್ದ ಕ್ಯಾಲಿಫೋರ್ನಿಯದ ಇನ್ನೊಂದು ಸಂಸ್ಥೆಯ ಅಧಿಕಾರಿಯೊಬ್ಬರು ಕಂಪೆನಿಗಳ ಗುಟ್ಟನ್ನು ದಾಟಿಸಿದ ಪ್ರಕರಣದಲ್ಲಿ 2011ರಲ್ಲಿ ಸೆರೆವಾಸದ ಶಿಕ್ಷೆಗೆ ಗುರಿಯಾದರು. ನೌಕರಿಯಲ್ಲಿದ್ದುಕೊಂಡೇ ಸಲಹೆಗೆ ತೊಡಗುವವರು ಮಾಲಿಕರ ಒಪ್ಪಿಗೆಯನ್ನು ಬರೆಹದಲ್ಲಿ ಪಡೆಯುವುದು ಕ್ಷೇಮ.

ಕಾದು ಓದುವ ಪತ್ರ

ಮೂರನೆಯದು, ಚಂದಾದಾರರ ಬಳಗ. ತಂತ್ರಜ್ಞಾನದ ಉದ್ಯಮಗಳನ್ನು ವಿಮರ್ಶಿಸುತ್ತಿದ್ದ ಬೆನ್ ಥಾಂಪ್ಸನ್ ಎಂಬ ಅಮೆರಿಕನ್ 2013ರಲ್ಲಿ ‘ಸ್ಟ್ರಾಟೆಚೆರಿ’ ಎಂಬ ಹೆಸರಿನಲ್ಲಿ ಬರೆಯತೊಡಗಿದರು. ಮರುವರ್ಷ ನೌಕರಿಯನ್ನು ಬಿಟ್ಟು, ತಿಂಗಳಿಗೆ 10 ಡಾಲರು ಕೊಟ್ಟವರಿಗೆ ಮಿಂಚಂಚೆಯಲ್ಲಿ ವಿಶ್ಲೇಷಣೆಯನ್ನು ಕಳುಹಿಸಲಾರಂಭಿಸಿದರು. ಒಬ್ಬನೇ ಲೇಖಕ, ಒಂದೇ ವಿಷಯ, ಜಾಹೀರಾತಿಲ್ಲ. ಆದರೂ ಸಂಸಾರ ಸುಖವಾಗಿ ಸಾಗಿತು. 2017ರಲ್ಲಿ ಹುಟ್ಟಿದ ‘ಸಬ್‌ಸ್ಟ್ಯಾಕ್’ ಸಂಸ್ಥೆಗೆ ಈ ಉದಾಹರಣೆಯೇ ಪ್ರೇರಣೆಯಾಯಿತು.

ಕೆವಿನ್ ಕೆಲ್ಲಿ ಎಂಬ ಲೇಖಕರು 2008ರಲ್ಲಿಯೇ ಈ ಲೆಕ್ಕವನ್ನು ಬಿಡಿಸಿಟ್ಟಿದ್ದರು. ಲಕ್ಷಗಟ್ಟಲೆ ಅಭಿಮಾನಿಗಳು ಬೇಕಿಲ್ಲ. ವರ್ಷಕ್ಕೆ 100 ಡಾಲರಿನಂತೆ ನೇರವಾಗಿ ಕೊಡುವ 1000 ಮಂದಿ ನಿಷ್ಠಾವಂತರಿದ್ದರೆ ಲಕ್ಷ ಡಾಲರಾಯಿತು ಎಂಬುದು ಅವರ ವಾದ. ಇದನ್ನೇ ಕನ್ನಡದ ಅಳತೆಗೆ ಇಳಿಸಬಹುದು. ಅಡಿಕೆ ತೋಟದ ರೋಗಗಳ ಕುರಿತೋ ಹಿರಿಯರ ಹಣಕಾಸಿನ ಕುರಿತೋ ಕಾಲಕಾಲಕ್ಕೆ ನಂಬಿಕಸ್ಥ ಪತ್ರವೊಂದನ್ನು ಬರೆಯುವವರಿಗೆ, ತಿಂಗಳಿಗೆ 100 ರೂಪಾಯಿ ಕೊಡುವ 200 ಓದುಗರು ದೊರೆತರೆ 20,000 ರೂಪಾಯಿಯಾಗುತ್ತದೆ. ಇಲ್ಲಿ ಬೇಕಾದುದು ನಿಯಮನಿಷ್ಠೆ. ವಾರವಾರವೂ ಧಾರಾವಾಹಿಗಾಗಿ ಕಾಯುವ ಮನೆಗಳಿಗೆ ಈ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವಾರ ಪತ್ರ ತಪ್ಪಿದರೆ ಮೂರನೆಯ ವಾರ ಚಂದಾದಾರನೂ ತಪ್ಪುತ್ತಾನೆ.

ಯಂತ್ರದ ಸರದಿ

“ಯಂತ್ರವೇ ಎಲ್ಲಕ್ಕೂ ಉತ್ತರ ಕೊಡುವಾಗ ಮನುಷ್ಯನನ್ನು ಕೇಳುವವರಾರು?” ಎಂಬ ಶಂಕೆ ಈಗ ಸಹಜ. ಶಂಕೆಗೆ ಆಧಾರವೂ ಇದೆ. ವಿದ್ಯಾರ್ಥಿಗಳ ಪಠ್ಯದ ಪ್ರಶ್ನೆಗಳಿಗೆ ಉತ್ತರ ಒದಗಿಸುತ್ತಿದ್ದ ಅಮೆರಿಕದ ‘ಚೆಗ್’ ಕಂಪೆನಿಗಾಗಿ ಭಾರತದ ಸಾವಿರಾರು ಪದವೀಧರರು ಮನೆಯಲ್ಲಿಯೇ ಕುಳಿತು ಉತ್ತರ ಬರೆದು ಸಂಪಾದಿಸುತ್ತಿದ್ದರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಿತು. ಅದರಿಂದ ವ್ಯಾಪಾರಕ್ಕೆ ಪೆಟ್ಟು ಬೀಳುತ್ತಿದೆಯೆಂದು ಕಂಪೆನಿ ಒಪ್ಪಿಕೊಂಡುದೇ ತಡ, 2023ರ ಮೇ 2ರಂದು ಒಂದೇ ದಿನದಲ್ಲಿ ಅದರ ಷೇರಿನ ಬೆಲೆ ಸುಮಾರು ಅರ್ಧಕ್ಕೆ ಕುಸಿಯಿತು.

ಪುಸ್ತಕದಲ್ಲಿರುವ ಉತ್ತರಕ್ಕೆ ಇನ್ನು ಹೆಚ್ಚಿನ ಬೆಲೆಯಿಲ್ಲವೆಂಬುದು ಇದರಿಂದ ಸ್ಪಷ್ಟ. ಉಳಿಯುವುದು ಯಾವುದು? ಪುಸ್ತಕದಲ್ಲಿಲ್ಲದ ಸಂದರ್ಭವನ್ನು ನೋಡಿ ತೂಗುವ ವಿವೇಚನೆ, ಮತ್ತು ಆ ಮಾತಿಗೆ ಹೊಣೆ. ಯಂತ್ರ ಹತ್ತು ಉಪಾಯಗಳನ್ನು ಹೇಳೀತು. “ಈ ಮನೆಗೆ ಇದೇ ಸರಿ, ತಪ್ಪಾದರೆ ಉತ್ತರ ಕೊಡುವವನು ನಾನು” ಎಂದು ರುಜು ಹಾಕಲಾರದು. ಮಾರಬೇಕಾದುದು ಆ ರುಜುವನ್ನು. ಹೊಣೆಯೊಡನೆ ಬಂದ ಸಲಹೆಗೆ ಶುಲ್ಕ ಕೇಳಲು ಸಂಕೋಚಪಡಬೇಕಾಗಿಲ್ಲ. ಹೊಣೆ ಹೊರಲಾಗದ ವಿಷಯದಲ್ಲಿ ಶುಲ್ಕ ಕೇಳಲೂಬಾರದು.

ಗೃಹಸ್ಥರು ನೆನಪಿಡಬೇಕಾದುದು

ಪರರ ಅಂಗಳದಲ್ಲಿ ಅಂಗಡಿಯಿಟ್ಟವನು ಅಂಗಳದೊಡೆಯನ ಮರ್ಜಿಗೆ ಒಳಪಟ್ಟವನು. 2018ರ ಜನವರಿಯಲ್ಲಿ ಯೂಟ್ಯೂಬ್ ಸಂಸ್ಥೆಯು, 1000 ಚಂದಾದಾರರೂ ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆಯೂ ಇಲ್ಲದವರಿಗೆ ಜಾಹೀರಾತಿನ ಪಾಲಿಲ್ಲವೆಂಬ ನಿಯಮ ಹೊರಡಿಸಿದಾಗ, ಸಣ್ಣವರ ಎಷ್ಟೋ ಚಾನೆಲುಗಳ ಆದಾಯ ಒಮ್ಮೆಲೇ ನಿಂತುಹೋಯಿತು. ಯಾವ ತಾಣದಲ್ಲಿ ವ್ಯಾಪಾರ ಮಾಡಿದರೂ ಗಿರಾಕಿಗಳ ಒಪ್ಪಿಗೆ ಪಡೆದು ಅವರ ಮಿಂಚಂಚೆಯ ವಿಳಾಸವನ್ನು ತಮ್ಮಲ್ಲಿಯೂ ಬರೆದಿಟ್ಟುಕೊಳ್ಳುವುದು ವಿವೇಕ.

ಕೆಲಸ ಕೊಡಿಸುವೆನೆಂದು ಮುಂಗಡ ಹಣ ಕೇಳುವವನು ವಂಚಕನೆಂದೇ ತಿಳಿಯತಕ್ಕದ್ದು. ಹಣ ಹರಿದುಬರಬೇಕಾದುದು ಗಿರಾಕಿಯಿಂದ ಪರಿಣತನಿಗೆ. ಕೆಲಸದ ವ್ಯಾಪ್ತಿ, ಅವಧಿ, ಶುಲ್ಕಗಳನ್ನು ಮೊದಲೇ ಬರೆದು ತಿಳಿಸಿ, ಸ್ವಲ್ಪ ಭಾಗವನ್ನು ಮುಂಗಡವಾಗಿ ಪಡೆದರೆ ಮುಂದಿನ ಮನಸ್ತಾಪ ತಪ್ಪುತ್ತದೆ. ಹೀಗೆ ಬಂದ ಹಣವೂ ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಗಳನ್ನು ಮೀರಿದರೆ ಜಿ.ಎಸ್.ಟಿ. ನೋಂದಣಿಯೂ ಅಗತ್ಯ.

ಇನ್ನು, ಆರಂಭ ಎಲ್ಲಿಂದ? ಕ್ಯಾಮೆರಾದ ಅಂಗಡಿಯಿಂದಂತೂ ಅಲ್ಲ. ಕಳೆದ ಒಂದು ವರ್ಷದಲ್ಲಿ ನೆಂಟರಿಷ್ಟರು, ನೆರೆಹೊರೆಯವರು, ಹಳೆಯ ಸಹೋದ್ಯೋಗಿಗಳು ಏನನ್ನು ಕೇಳಿಕೊಂಡು ಮನೆಯ ಬಾಗಿಲಿಗೆ ಬಂದರೆಂಬುದನ್ನು ಒಂದು ಹಾಳೆಯಲ್ಲಿ ಬರೆದು ನೋಡಬೇಕು. ಅರ್ಜಿ ತಿದ್ದಿಸಿಕೊಳ್ಳಲು ಬಂದವರೆಷ್ಟು, ಮನೆಯ ನಕ್ಷೆ ತೋರಿಸಲು ಬಂದವರೆಷ್ಟು, ಮಗುವಿನ ಕುಲಾವಿಗೆ ಮಾದರಿ ಕೇಳಿದವರೆಷ್ಟು? ಮತ್ತೆ ಮತ್ತೆ ಕಾಣಿಸಿಕೊಂಡ ಕೋರಿಕೆ ಯಾವುದೋ ಅದೇ ಆ ಮನೆಯ ಸರಕು. ಊರವರು ಅದರ ಬೆಲೆಯನ್ನು ಈಗಾಗಲೇ ಬಲ್ಲರು. ಮನೆಯವರು ಅರಿಯುವುದೊಂದೇ ಬಾಕಿ.