ಸ್ಟೌ ಸಿಡಿಯಿತು ಎಂದು ಬರೆದುಕೊಟ್ಟವರು ಯಾರು?

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಪತ್ರಿಕೆ ಓದುತ್ತಿದ್ದವರಿಗೆ ಒಳಪುಟದ ಆ ಪುಟ್ಟ ಸುದ್ದಿ ನೆನಪಿರಬೇಕು. ‘ಸ್ಟೌ ಸಿಡಿದು ಗೃಹಿಣಿ ಸಾವು.’ ಕೆಳಗೆ ಮೂರು ನಾಲ್ಕು ಸಾಲು. ಕಾಫಿ ಕಾಯಿಸಲು ಹೋದಾಗ ಸೀರೆಗೆ ಬೆಂಕಿ ತಗುಲಿತು, ಚಿಕಿತ್ಸೆ ಫಲಕಾರಿಯಾಗಲಿಲ್ಲ, ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ. ಅವಳ ಮದುವೆಯಾಗಿ ಎಷ್ಟು ವರ್ಷವಾಗಿತ್ತು, ಕೊನೆಯ ಸಲ ತವರಿಗೆ ಬಂದಾಗ ಏನು ಹೇಳಿಕೊಂಡಿದ್ದಳು, ಸ್ಟೌ ಯಾವಾಗಲೂ ಸೊಸೆಯ ಕೈಯಲ್ಲೇ ಏಕೆ ಸಿಡಿಯುತ್ತದೆ, ಇವು ಯಾವುವೂ ಅಲ್ಲಿ ಇರುತ್ತಿರಲಿಲ್ಲ. ಏಕೆಂದರೆ ಆ ಸಾಲುಗಳು ಗಂಡನ ಮನೆಯವರ ಬಾಯಿಂದ ಠಾಣೆಗೆ, ಠಾಣೆಯಿಂದ ವರದಿಗಾರರಿಗೆ ಹೋಗಿ ಅಚ್ಚಾದವು. ಬೆಂಗಳೂರಿನ ವಿಮೋಚನಾದಂತಹ ಸಂಘಟನೆಗಳ ಹೆಂಗಸರು ಈ ‘ಅಪಘಾತ’ಗಳ ಬೆನ್ನು ಹತ್ತಿದ ಮೇಲೆಯೇ ಬೇರೆ ಕಥೆಗಳು ಹೊರಬಿದ್ದದ್ದು.

ಕಂಪನಿಗಳ ಪತ್ರಿಕಾ ಪ್ರಕಟಣೆಗಳ ಬಗ್ಗೆ ಬರೆಯಲು ಕುಳಿತ ನನಗೆ ಇದೇ ಮೊದಲು ನೆನಪಾಯಿತು. ಕಾರಣ ಮುಂದೆ ತಿಳಿಯುತ್ತದೆ.

ಪತ್ರಿಕಾ ಪ್ರಕಟಣೆ ಎಂದರೆ ಜಾಹೀರಾತಲ್ಲ. ಜಾಹೀರಾತಿಗೆ ಕಂಪನಿ ದುಡ್ಡು ಕೊಡುತ್ತದೆ, ನೋಡುವ ನಮಗೂ ಅದು ವ್ಯಾಪಾರದ ಮಾತೆಂದು ಗೊತ್ತಿರುತ್ತದೆ. ಪ್ರಕಟಣೆ ಹಾಗಲ್ಲ, ಅದು ಸುದ್ದಿಯ ವೇಷ ಹಾಕಿಕೊಂಡೇ ಬರುತ್ತದೆ. ಕಂಪನಿಯ ಕಚೇರಿಯಲ್ಲೋ ಅದು ಗೊತ್ತುಮಾಡಿದ ಏಜೆನ್ಸಿಯಲ್ಲೋ ತಲೆಬರಹ, ಒಂದೆರಡು ಅಂಕಿ, ಅಧ್ಯಕ್ಷರ ಹಿತನುಡಿ, ನಗುತ್ತಿರುವ ಹೆಂಗಸರ ಫೋಟೊ ಎಲ್ಲ ಸಿದ್ಧವಾಗುತ್ತವೆ. ಇಬ್ಬರೋ ಮೂವರೋ ಕೆಲಸ ಮಾಡುವ ಪತ್ರಿಕೆ, ಪುಟ ತುಂಬಿಸುವ ಅವಸರ, ಅಲ್ಲೊಂದು ಇಲ್ಲೊಂದು ಪದ ತಿದ್ದಿ ಹಾಕಿಬಿಡುತ್ತಾರೆ. ವರದಿಗಾರರು ಹೋಗಿ ಕಣ್ಣಾರೆ ಕಂಡು ಬರೆದರೆಂದು ನಾವು ತಿಳಿಯುತ್ತೇವೆ.

ಈ ಕಸುಬನ್ನು ರೂಢಿಗೆ ತಂದವರಲ್ಲಿ ಅಮೆರಿಕದ ಐವಿ ಲೀ ಎಂಬಾತ ಪ್ರಮುಖ. ಅವನ ಕಾಲದ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊಲರಾಡೊ ಪ್ರಾಂತ್ಯದಲ್ಲಿ ರಾಕ್‌ಫೆಲರ್ ಕುಟುಂಬದ ಹಿಡಿತದಲ್ಲಿದ್ದ ಕಂಪನಿಯ ಕಲ್ಲಿದ್ದಲು ಗಣಿಗಳಿದ್ದವು. 1913ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಕಂಪನಿಯ ಮನೆಗಳಿಂದ ಹೊರಬಿದ್ದ ಸಂಸಾರಗಳು ಲಡ್ಲೋ ಎಂಬಲ್ಲಿ ಡೇರೆ ಹಾಕಿಕೊಂಡು ಇಡೀ ಚಳಿಗಾಲ ಕಳೆದವು. ಗುಂಡೇಟಿಗೆ ಹೆದರಿ ಡೇರೆಯ ಕೆಳಗೆ ಹಳ್ಳ ತೋಡಿಕೊಂಡಿದ್ದರು. 1914ರ ಏಪ್ರಿಲ್ 20ರಂದು ಸರ್ಕಾರಿ ಸೇನೆಯವರು ಡೇರೆಗಳ ಮೇಲೆ ಗುಂಡು ಹಾರಿಸಿದರು, ಸಂಜೆಯ ಹೊತ್ತಿಗೆ ಡೇರೆಗಳು ಉರಿದುಹೋದವು. ಒಂದು ಹಳ್ಳದಲ್ಲಿ ಅಡಗಿದ್ದ ಇಬ್ಬರು ಹೆಂಗಸರು, ಹನ್ನೊಂದು ಮಕ್ಕಳು ಸತ್ತರು.

ದೇಶವೆಲ್ಲ ಛೀ ಎಂದಿತು. ಆಗ ರಾಕ್‌ಫೆಲರ್ ಮನೆಯವರು ಲೀಯನ್ನು ಕರೆಸಿಕೊಂಡರು. ಅವನು ಸಾಲಾಗಿ ಕರಪತ್ರಗಳನ್ನು ಬರೆದು ಪತ್ರಿಕೆಗಳಿಗೂ ಗಣ್ಯರಿಗೂ ಕಳಿಸಿದ. ಆ ಹೆಂಗಸರು ಮಕ್ಕಳು ಸತ್ತದ್ದು ಹೇಗೆ ಎಂಬುದಕ್ಕೆ ಅವನು ಕೊಟ್ಟ ವಿವರಣೆ ಏನು ಗೊತ್ತೇ? ಡೇರೆಯೊಳಗೆ ಒಲೆ ಮಗುಚಿ ಬೆಂಕಿ ಹತ್ತಿತು ಎಂದು.

ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅದು ಎಲ್ಲಿಯ ಕೊಲರಾಡೊ, ಇದು ಎಲ್ಲಿಯ ನಮ್ಮ ಓಣಿ! ಸುಟ್ಟು ಸತ್ತ ಹೆಂಗಸಿನ ತಪ್ಪು ಒಲೆಯ ತಲೆಗೆ.

ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಗಣಿ ಕಾರ್ಮಿಕರ ಪರವಾಗಿ ಊರೂರು ಸುತ್ತುತ್ತಿದ್ದ ಮದರ್ ಜೋನ್ಸ್ ಎಂಬ ಎಪ್ಪತ್ತು ದಾಟಿದ ಹೋರಾಟಗಾರ್ತಿ ಹಿಂದೆ ಸೂಳೆಗೇರಿ ನಡೆಸುತ್ತಿದ್ದಳೆಂಬ ಮಾತೂ ಈ ಕರಪತ್ರಗಳಲ್ಲಿ ಬಂತು. ‘ಅವಳ ನಡತೆ ಸರಿ ಇರಲಿಲ್ಲ’ ಎಂಬ ಮಾತನ್ನು ನಮ್ಮ ಸಂಘಗಳ ಪಂಚಾಯಿತಿಯಲ್ಲಿ ಎಷ್ಟು ಸಲ ಕೇಳಿಲ್ಲ! ಮುಂದೆ 1915ರಲ್ಲಿ ವಿಚಾರಣಾ ಆಯೋಗ ಕೇಳಿದಾಗ, ಕಂಪನಿಯವರು ಕೊಟ್ಟ ಸಂಗತಿಗಳು ನಿಜವೇ ಎಂದು ತಾನು ಪರೀಕ್ಷಿಸಿರಲಿಲ್ಲವೆಂದು ಲೀ ಒಪ್ಪಿಕೊಂಡ. ಅದೇ ವರ್ಷ ಕಿರಿಯ ರಾಕ್‌ಫೆಲರ್ ಸ್ವತಃ ಕೊಲರಾಡೊಗೆ ಹೋಗಿ ಗಣಿಗಾರರ ಹೆಂಡಂದಿರ ಜೊತೆ ನೃತ್ಯ ಮಾಡಿದ. ಪತ್ರಿಕೆಗಳಿಗೆ ಬೇರೆ ಸುದ್ದಿ ಸಿಕ್ಕಿತು.

ಇಂದಿನ ಪ್ರಕಟಣೆಗಳಲ್ಲಿ ಇಷ್ಟು ಹಸಿ ಸುಳ್ಳು ಕಾಣುವುದು ಕಡಿಮೆ. ಈಗಿನ ಜಾಣತನ ಬೇರೆ. ಒಂದು ನಿಜವನ್ನು ಮುಂದಿಟ್ಟು ಇನ್ನೊಂದನ್ನು ಮರೆಸುವುದು.

ಫೇರ್ ಅಂಡ್ ಲವ್ಲಿ ಗೊತ್ತಿಲ್ಲದ ಮನೆ ಉಂಟೇ? 1975ರಲ್ಲಿ ಮಾರುಕಟ್ಟೆಗೆ ಬಂದದ್ದು. ಅದರ ಒಂದು ಟಿವಿ ಜಾಹೀರಾತಿನಲ್ಲಿ ಬಡ ಅಪ್ಪ ‘ಗಂಡು ಮಗ ಇದ್ದಿದ್ದರೆ’ ಎಂದು ಕೊರಗುತ್ತಾನೆ. ಮಗಳು ಕ್ರೀಮು ಹಚ್ಚಿ ಬೆಳ್ಳಗಾಗಿ, ಗಗನಸಖಿಯಾಗಿ ಸಂಪಾದಿಸುತ್ತಾಳೆ. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಇದರ ವಿರುದ್ಧ ದನಿ ಎತ್ತಿತು, ಮಾನವ ಹಕ್ಕು ಆಯೋಗದವರೆಗೂ ದೂರು ಒಯ್ದಿತು. ಸರ್ಕಾರವೂ ಮಧ್ಯೆ ಬಂದ ಮೇಲೆ 2003ರಲ್ಲಿ ಆ ಜಾಹೀರಾತು ನಿಂತಿತು. ಅದೇ ವರ್ಷದ ಮಾರ್ಚಿಯಲ್ಲಿ ಕಂಪನಿ ‘ಫೇರ್ ಅಂಡ್ ಲವ್ಲಿ ಫೌಂಡೇಶನ್’ ಆರಂಭಿಸಿತು. ಉದ್ದೇಶ, ಮಹಿಳೆಯರ ಆರ್ಥಿಕ ಸಬಲೀಕರಣ. ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ.

ವಿದ್ಯಾರ್ಥಿವೇತನ ಸುಳ್ಳಲ್ಲ. ಅದನ್ನು ಪಡೆದು ಓದಿದ ಹುಡುಗಿಯರನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಶುಲ್ಕ ಕಟ್ಟಲಾಗದೆ ಕಾಲೇಜು ಬಿಟ್ಟವರ ಮುಖಗಳು ಇಂದಿಗೂ ನೆನಪಿವೆ. ಆದರೆ ಫೌಂಡೇಶನ್ನಿಗೆ ಇಟ್ಟ ಹೆಸರು ಕ್ರೀಮಿನದೇ ಅಲ್ಲವೇ? ‘ಹುಡುಗಿ ಸ್ವಲ್ಪ ಕಪ್ಪು, ಇನ್ನೆರಡು ಲಕ್ಷ ಸೇರಿಸಿ’ ಎನ್ನುವ ಮದುವೆ ಮಾತುಕತೆಯ ಭಯವನ್ನೇ ಬಂಡವಾಳ ಮಾಡಿಕೊಂಡು ಮಾರಿದ ಸರಕಿನ ಹೆಸರು. ಪ್ರಕಟಣೆ ಮಾತ್ರ ಓದಿದವರಿಗೆ ಕಂಪನಿ ನಮ್ಮ ಪರ ಎಂದೇ ಕಾಣುತ್ತದೆ. 2020ರಲ್ಲಿ, ವರ್ಣಭೇದದ ವಿರುದ್ಧ ಅಮೆರಿಕದಲ್ಲಿ ಜನ ಬೀದಿಗಿಳಿದ ಮೇಲೆ, ಇನ್ನೊಂದು ಪ್ರಕಟಣೆ ಬಂತು. ‘ಫೇರ್’ ಹೋಗಿ ‘ಗ್ಲೋ’ ಆಯಿತು. 45 ವರ್ಷ ಆ ಮಾತನ್ನು ಮಾರಿದ ಮೇಲೆ, ಬಿಟ್ಟದ್ದಕ್ಕೂ ಹೊಗಳಿಕೆ!

ನಮ್ಮ ಸಂಘಗಳಿಗೆ ಇನ್ನೂ ಹತ್ತಿರದ ಮಾತೊಂದಿದೆ. ಇದೇ ಕಂಪನಿಯ ‘ಶಕ್ತಿ’ ಯೋಜನೆ 2001ರ ಸುಮಾರಿಗೆ ಆಗಿನ ಆಂಧ್ರದ, ಈಗಿನ ತೆಲಂಗಾಣದ, ನಲ್ಗೊಂಡ ಜಿಲ್ಲೆಯಲ್ಲಿ ಸ್ವಸಹಾಯ ಸಂಘಗಳ ಹೆಂಗಸರಿಂದಲೇ ಶುರುವಾಯಿತು. ಸೋಪು, ಶಾಂಪೂ ಕೊಂಡು ಮನೆಮನೆಗೆ ಮಾರುವ ಕೆಲಸ. ಕೈಗೆ ನಾಲ್ಕು ಕಾಸು ಬಂದದ್ದು ನಿಜ, ಅದನ್ನು ಹೀಗಳೆಯುವುದಿಲ್ಲ. ಆದರೆ ಇಂಥ ಯಾವ ಯೋಜನೆಯ ಪ್ರಕಟಣೆ ಕಂಡರೂ ನಾನು ಹುಡುಕುವುದು ಎರಡೇ. ಮಾರಾಟವಾಗದ ಮಾಲು ಯಾರ ಮನೆಯಲ್ಲಿ ಉಳಿಯುತ್ತದೆ? ಅದಕ್ಕೆ ಮಾಡಿದ ಸಾಲದ ಕಂತನ್ನು ಯಾರು ಕಟ್ಟುತ್ತಾರೆ?

ಇನ್ನು ಮುಂದೆ ಯಾರಾದರೂ ಬ್ಯಾನರ್ ಹಿಡಿಸಿ ನಿಮ್ಮ ಸಂಘದ ಫೋಟೊ ತೆಗೆಯಲು ಬಂದರೆ, ಅದರ ಜೊತೆ ಏನು ಬರೆದು ಕಳಿಸುತ್ತೀರಿ, ಮೊದಲು ಓದಿ ಹೇಳಿ ಎಂದು ಕೇಳಿ. ನಮ್ಮ ಹೆಸರಿನಲ್ಲಿ ಹೋಗುವ ಕಾಗದ ತಾನೇ? ಓದಲು ಬಾರದವರೂ ಕೇಳಬಹುದು.

ನಾವೂ ಬರೆದು ಕಳಿಸಬಹುದು. ನಿಮ್ಮ ಊರಿನಲ್ಲಿ ಸೊಸೆಯೊಬ್ಬಳು ಸುಟ್ಟು ಸತ್ತರೆ, ನೇಣು ಬಿಗಿದ ಸ್ಥಿತಿಯಲ್ಲಿ ಸಿಕ್ಕರೆ, ಗಂಡನ ಮನೆಯವರ ಮಾತು ಪತ್ರಿಕೆಗೆ ಮುಟ್ಟುವ ಮೊದಲು ಸಂಘದ ಹಾಳೆಯ ಮೇಲೆ ನಾಲ್ಕು ಸಾಲು ಬರೆದು, ಸಹಿ ಹಾಕಿ, ಒಂದು ಪ್ರತಿ ಠಾಣೆಗೆ, ಒಂದು ತಹಸೀಲ್ದಾರರಿಗೆ, ಒಂದು ಸ್ಥಳೀಯ ವರದಿಗಾರರಿಗೆ ಕೊಡಿ. ಮದುವೆಯಾಗಿ ಎಷ್ಟು ವರ್ಷ ಎಂಬುದನ್ನು ಮರೆಯಬೇಡಿ, ಏಳು ವರ್ಷದೊಳಗಾದರೆ ಕಾನೂನಿನ ದಾರಿಯೇ ಬೇರೆ. ಏನೇನು ಕೇಳಿದ್ದರು, ಅವಳು ಯಾರ ಬಳಿ ಹೇಳಿಕೊಂಡಿದ್ದಳು, ನೀವು ಹೋದಾಗ ಅಡಿಗೆಮನೆಯಲ್ಲಿ ಏನು ಕಂಡಿರಿ. ಸ್ಟೌ ಸಿಡಿಯಿತು ಎಂದರೆ, ಆ ಸ್ಟೌ ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬುದನ್ನೂ ಬರೆಯಿರಿ.